ಗೊತ್ತಿಲ್ಲ ಎನ್ನುವ ವೈದ್ಯ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ಕಟ್ಟಿದವರು ಸುಖಿಗಳಿರಬೇಕು. ಅವರ ವೈದ್ಯನಿಗೆ ಸಂದೇಹವೆಂಬುದೇ ಇರಲಿಲ್ಲ; ಇದ್ದರೂ ಅದನ್ನು ರೋಗಿಯ ಮುಂದೆ ಬಿಚ್ಚಿಡುವ ಸ್ವಭಾವ ಅವನದಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯಲ್ಲಿದ್ದ ಡಾಕ್ಟರೂ ಇದೇ ಪೈಕಿ. ನಾಡಿ ಹಿಡಿದು, ನಾಲಿಗೆ ನೋಡಿ, ಒಳಗಿದ್ದ ಕಾಂಪೌಂಡರಿಗೆ ಒಂದು ಮಾತು ಕೂಗಿ ಹೇಳಿದರೆಂದರೆ ಮುಗಿಯಿತು. ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿಕೊಂಡ ಶೀಸೆಯೊಂದರಲ್ಲಿ ಕೆಂಪು ಮಿಕ್ಸ್‌ಚರು ಹೊರಗೆ ಬರುತ್ತಿತ್ತು. ಆ ಕೆಂಪು ನೀರಿನಲ್ಲಿ ಏನಿದೆಯೆಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನಾವು ಕೊಟ್ಟ ದುಡ್ಡಿನಲ್ಲಿ ಅರ್ಧ ಔಷಧಿಗಾದರೆ ಉಳಿದರ್ಧ ಅವರ ಮುಖದ ಮೇಲಿದ್ದ ನಿಶ್ಚಯಕ್ಕೆ ಸಲ್ಲುತ್ತಿತ್ತೆಂದು ಈಗ ತೋರುತ್ತದೆ.

೨೦೨೦ರಲ್ಲಿ ಈ ನಿಶ್ಚಯ ಲೋಕದಲ್ಲೆಲ್ಲ ಒಮ್ಮೆಗೇ ಕರಗಿಹೋಯಿತು. ಕೊರೊನಾ ಎಂಬ ಹೊಸ ಸೋಂಕಿಗೆ ಮದ್ದು ಯಾವುದೆಂದು ಯಾವ ದೇಶದ ಯಾವ ವೈದ್ಯನಿಗೂ ತಿಳಿದಿರಲಿಲ್ಲ. ಆ ಸಮಯದಲ್ಲಿ ಬ್ರಿಟನ್ನಿನ ಸಾಮಾನ್ಯ ವೈದ್ಯರು—ನಾವು ಫ್ಯಾಮಿಲಿ ಡಾಕ್ಟರು ಎನ್ನುತ್ತೇವಲ್ಲ, ಅವರು—ತಮ್ಮ ರೋಗಿಗಳ ಮುಂದೆ ಒಂದು ವಿಚಿತ್ರವಾದ ಪ್ರಶ್ನೆಯನ್ನು ಇಟ್ಟರು. ಅದರ ಸಾರಾಂಶ ಇಷ್ಟು: ನಿಮಗೆ ಯಾವ ಔಷಧಿ ಒಳ್ಳೆಯದೋ ನಮಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವುದಕ್ಕೆ ಒಂದು ದಾರಿಯಿದೆ. ಚೀಟಿ ಎತ್ತಿದ ಹಾಗೆ, ಕೆಲವರಿಗೆ ಔಷಧಿ, ಉಳಿದವರಿಗೆ ಮಾಮೂಲಿನ ಆರೈಕೆ. ನಿಮ್ಮ ಪಾಲಿಗೆ ಯಾವುದು ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಒಪ್ಪುತ್ತೀರಾ?

ಹಾಸಿಗೆಯಲ್ಲಿ ಮಲಗಿ ಜ್ವರದಿಂದ ನರಳುತ್ತಿರುವವನಿಗೆ ಹೀಗೆ ಕೇಳುವುದು ವೈದ್ಯನ ಧರ್ಮಕ್ಕೆ ಸರಿಯೆ? ನಾನು ವೈದ್ಯನಲ್ಲ. ಆದರೂ ಕೆಲವು ಕಾಲದಿಂದ ಈ ಪ್ರಶ್ನೆ ನನ್ನನ್ನು ಬಿಡದೆ ಹಿಡಿದಿದೆ. ರೋಗಿಯಾಗುವ ಯೋಗ್ಯತೆಯಂತೂ ಎಲ್ಲರಿಗೂ ಇರುವುದರಿಂದ ಇದರಲ್ಲಿ ಮಾತನಾಡಲು ನನಗೂ ಹಕ್ಕಿದೆ ಎಂದುಕೊಂಡಿದ್ದೇನೆ.

ಮೊದಲು ಆ ಪರೀಕ್ಷೆಯ ವಿಚಾರ. ‘ಪ್ರಿನ್ಸಿಪಲ್’ ಎಂಬ ಹೆಸರಿನ ಅದನ್ನು ನಡೆಸಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ. ಮುಂದಾಳುತನ ವಹಿಸಿದ ಕ್ರಿಸ್ ಬಟ್ಲರ್ ಸ್ವತಃ ಸಾಮಾನ್ಯ ವೈದ್ಯರು. ೨೦೨೦ರ ಏಪ್ರಿಲಿನಲ್ಲಿ ಶುರುವಾಯಿತು. ಅರವತ್ತೈದು ದಾಟಿದವರನ್ನೂ, ಐವತ್ತು ದಾಟಿ ಬೇರೆ ಕಾಯಿಲೆಗಳನ್ನು ಇಟ್ಟುಕೊಂಡವರನ್ನೂ ಮೊದಲು ಸೇರಿಸಿಕೊಂಡರು. ರೋಗಿ ಮನೆಯ ಹೊಸ್ತಿಲು ದಾಟಬೇಕಾಗಿರಲಿಲ್ಲ. ಔಷಧಿ ಮನೆಗೇ ಬರುತ್ತಿತ್ತು, ಅವನು ದಿನವೂ ತನ್ನ ಸ್ಥಿತಿಯನ್ನು ದಿನಚರಿಯಲ್ಲಿ ಗುರುತು ಹಾಕಿದರೆ ಸಾಕು.

ಇಷ್ಟೆಲ್ಲ ಯಾತಕ್ಕೆ, ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುವ ಸಂಶೋಧನೆ ಸಾಲದೆ ಎಂದು ಕೇಳಬಹುದು. ಸಾಲದು ಎಂಬುದಕ್ಕೆ ಅದೇ ವರ್ಷ ಒಳ್ಳೆಯ ನಿದರ್ಶನ ಸಿಕ್ಕಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದ ‘ರಿಕವರಿ’ ಎಂಬ ಇನ್ನೊಂದು ಪರೀಕ್ಷೆ ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಔಷಧಿಯ ಗುಣವನ್ನು ೨೦೨೦ರ ಜೂನಿನಲ್ಲಿ ಸಾರಿತು. ಉಸಿರಾಟದ ಯಂತ್ರಕ್ಕೆ ಸೇರಿದವರಲ್ಲಿ ಅದು ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿತು. ಬರಿಯ ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದರಲ್ಲಿ ಒಂದು ಪಾಲು. ಆದರೆ ಆಮ್ಲಜನಕವೇ ಬೇಕಿಲ್ಲದವರಿಗೆ ಅದರಿಂದ ಯಾವ ಉಪಕಾರವೂ ಕಾಣಲಿಲ್ಲ. ಎಂದರೆ, ವಾರ್ಡಿನಲ್ಲಿ ಸಂಜೀವಿನಿಯಾದದ್ದು ಮನೆಯ ಹಾಸಿಗೆಯ ಬಳಿ ನಿಷ್ಪ್ರಯೋಜಕ. ಜನರಲ್ಲಿ ಹೆಚ್ಚಿನ ಪಾಲು ಕಾಯಿಲೆ ಅನುಭವಿಸಿದ್ದು ಮನೆಯಲ್ಲಿ. ಅವರಿಗೆ ಏನು ಒಳ್ಳೆಯದೆಂಬುದನ್ನು ಅವರ ನಡುವೆಯೇ, ಅವರ ಊರಿನ ವೈದ್ಯನ ಮೂಲಕವೇ ಕಂಡುಕೊಳ್ಳಬೇಕು. ಇಲ್ಲವಾದರೆ ಅತಿ ಹೆಚ್ಚು ಕಾಯಿಲೆಯಾದ ಕೆಲವರ ಅನುಭವವನ್ನು ಎಲ್ಲರ ತಲೆಗೂ ಕಟ್ಟಿದಂತಾಗುತ್ತದೆ.

ಇಷ್ಟನ್ನು ಬುದ್ಧಿ ಒಪ್ಪುತ್ತದೆ. ಮನಸ್ಸು ಮಾತ್ರ ಹಿಂದೇಟು ಹಾಕುತ್ತದೆ. ಚೀಟಿ ಎತ್ತುವುದು ಜೂಜಿನ ಕೆಲಸ. ಅದನ್ನು ಪ್ರಾಣದ ವಿಷಯದಲ್ಲಿ ಮಾಡುವುದೆಂದರೇನು? ನನ್ನ ತಾಯಿಗೆ ಕಾಯಿಲೆಯಾದರೆ ಡಾಕ್ಟರು ಅವಳ ಮುಖ ನೋಡಿ ತೀರ್ಮಾನಿಸಬೇಕೇ ಹೊರತು ಎಲ್ಲೋ ಒಂದು ಗಣಕಯಂತ್ರ ತೀರ್ಮಾನಿಸಬಾರದು. ಈ ಮಾತಿನಲ್ಲಿ ತಥ್ಯವಿಲ್ಲವೆಂದು ಯಾರು ಹೇಳಿಯಾರು?

ಆದರೆ ಮುಖ ನೋಡಿ ತೀರ್ಮಾನಿಸಿದ್ದರ ಕಥೆಯನ್ನೂ ನಾವು ಬಲ್ಲೆವು. ೨೦೨೧ರ ಬೇಸಗೆಯಲ್ಲಿ ನಮ್ಮ ಬೀದಿಯ ಮನೆಮನೆಗೂ ಒಂದು ಚೀಟಿ ಬಂದಿತ್ತು. ಎತ್ತುವ ಚೀಟಿಯಲ್ಲ, ಔಷಧಿಯ ಚೀಟಿ. ಕೆಲವರು ವೈದ್ಯರಿಂದ ಪಡೆದರು, ಕೆಲವರಿಗೆ ಮೊಬೈಲಿನಲ್ಲಿ ನೆಂಟರು ಕಳಿಸಿದರು. ಐವರ್‌ಮೆಕ್ಟಿನ್, ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್, ಸತು, ವಿಟಮಿನ್ನುಗಳು. ಐವರ್‌ಮೆಕ್ಟಿನ್ನೂ ಹೈಡ್ರಾಕ್ಸಿಕ್ಲೋರೋಕ್ವಿನ್ನೂ ಆಗ ಕೇಂದ್ರದ ಮಾರ್ಗಸೂಚಿಯಲ್ಲೇ ಇದ್ದವು. ೨೦೨೧ರ ಸೆಪ್ಟೆಂಬರಿನಲ್ಲಿ ಅವನ್ನು ಕೈಬಿಟ್ಟರು. ನಮ್ಮ ಮನೆಯಲ್ಲಿ ನಾಲ್ವರು ನುಂಗಿದೆವು, ನಾಲ್ವರೂ ಗುಣವಾದೆವು. ಎದುರು ಮನೆಯವರೂ ಅದನ್ನೇ ನುಂಗಿದರು. ಅವರಲ್ಲಿ ಯಜಮಾನರು ಉಳಿಯಲಿಲ್ಲ. ಮಾತ್ರೆಯಿಂದ ನಾವು ಬದುಕಿದೆವೋ, ಮಾತ್ರೆಯನ್ನು ಮೀರಿ ಬದುಕಿದೆವೋ ಎಂದು ಕೇಳಿದರೆ ಆ ಬೀದಿಯಲ್ಲಿ ಉತ್ತರವಿಲ್ಲ. ಅದೂ ಒಂದು ಪ್ರಯೋಗವೇ. ಲೆಕ್ಕವಿಡದ, ಯಾರ ಒಪ್ಪಿಗೆಯನ್ನೂ ಕೇಳದ ಪ್ರಯೋಗ. ಬೀದಿಗೆ ಬೀದಿಯೇ ಅದರಲ್ಲಿ ಪಾಲುಗೊಂಡಿತು, ಯಾರೂ ಏನೂ ಕಲಿಯಲಿಲ್ಲ.

ನಮ್ಮ ದೇಶದಲ್ಲಿ ಸರಿಯಾದ ಪರೀಕ್ಷೆಗಳೇ ನಡೆಯಲಿಲ್ಲವೆಂದು ಇದರ ಅರ್ಥವಲ್ಲ. ಗುಣವಾದವರ ರಕ್ತದ ಪ್ಲಾಸ್ಮಾವನ್ನು ಕೊಡುವ ಚಿಕಿತ್ಸೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೦ರಲ್ಲಿ ೩೯ ಆಸ್ಪತ್ರೆಗಳಲ್ಲಿ ೪೬೪ ರೋಗಿಗಳ ಮೇಲೆ ಒರೆಹಚ್ಚಿ, ಅದರಿಂದ ಸಾವು ತಗ್ಗುವುದಿಲ್ಲವೆಂದು ನೇರವಾಗಿ ಹೇಳಿತು. ಅದು ಆಸ್ಪತ್ರೆಯ ಕೆಲಸ. ಬೀದಿಯ ಡಾಕ್ಟರ ಹಂತದಲ್ಲಿ, ಆ ಮಾತ್ರೆಗಳ ವಿಷಯದಲ್ಲಿ, ಉತ್ತರ ಬಂದದ್ದು ಇಂಗ್ಲೆಂಡಿನಿಂದ. ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಎರಡೂ ಮನೆಯಲ್ಲಿರುವ ರೋಗಿಗೆ ಸಾಮಾನ್ಯವಾಗಿ ಉಪಯೋಗವಿಲ್ಲವೆಂದು ‘ಪ್ರಿನ್ಸಿಪಲ್’ನವರು ೨೦೨೧ರ ಜನವರಿಯಲ್ಲೇ ಪ್ರಕಟಿಸಿದ್ದರು. ನಮ್ಮ ಚೀಟಿಗಳು ಬರೆಯಲ್ಪಟ್ಟದ್ದು ಅದಾದ ಮೂರು ನಾಲ್ಕು ತಿಂಗಳಿಗೆ! ಐವರ್‌ಮೆಕ್ಟಿನ್ನಿನ ತೀರ್ಪು ಬರುವ ಹೊತ್ತಿಗೆ ೨೦೨೪ ಆಗಿತ್ತು. ಅದರಿಂದಲೂ ಹೇಳಿಕೊಳ್ಳುವಂಥ ಪ್ರಯೋಜನವಿರಲಿಲ್ಲ. ಗೆದ್ದದ್ದು ಆಸ್ತಮಾದವರು ಬಾಯಿಂದ ಎಳೆದುಕೊಳ್ಳುವ ಬುಡೆಸೊನೈಡ್. ಅದನ್ನು ಪಡೆದವರು ಸುಮಾರು ೧೨ ದಿನಕ್ಕೆ ಚೇತರಿಸಿಕೊಂಡರು, ಪಡೆಯದವರಿಗೆ ಸುಮಾರು ೧೫ ದಿನ ಬೇಕಾಯಿತು. ಮೂರೇ ದಿನವೆ ಎಂದು ಮೂಗು ಮುರಿಯುವವರು ಎಪ್ಪತ್ತನೆಯ ವಯಸ್ಸಿನಲ್ಲಿ ಮೂರು ದಿನ ಜ್ವರದಲ್ಲಿ ಮಲಗಿ ನೋಡಬೇಕು.

ಆದ್ದರಿಂದ, ಗೊತ್ತಿಲ್ಲದಿರುವಾಗ ಗೊತ್ತಿಲ್ಲವೆನ್ನುವುದೂ, ರೋಗಿಯನ್ನು ಜೊತೆಗೆ ಕರೆದುಕೊಂಡು ಹುಡುಕುವುದೂ ಚಿಕಿತ್ಸೆಗೆ ಎದುರಾದದ್ದಲ್ಲ. ಚಿಕಿತ್ಸೆಯ ಒಂದು ಅಂಗವೇ ಎಂದು ನನಗೆ ತೋರುತ್ತದೆ. ಸುಳ್ಳು ನಿಶ್ಚಯದಿಂದ ಕೊಟ್ಟ ಮಾತ್ರೆಗಿಂತ ನಿಜವಾದ ಸಂದೇಹದಿಂದ ಎತ್ತಿದ ಚೀಟಿ ಮೇಲು. ವಾದ ಇಲ್ಲಿಗೇ ನಿಂತಿದ್ದರೆ ನನಗೆ ನೆಮ್ಮದಿಯಾಗಿರುತ್ತಿತ್ತು.

ಅಂಥ ವೈದ್ಯನ ಅತ್ಯಂತ ಸುಂದರವಾದ ಚಿತ್ರ ನನಗೆ ಸಿಕ್ಕಿದ್ದು ಯಾರ್ಕ್‌ಷೈರಿನ ಒಂದು ಕಣಿವೆಯಲ್ಲಿ. ವಿಲಿಯಂ ಪಿಕಲ್ಸ್ ಎಂಬುವರು ೧೯೧೩ರಿಂದ ವೆನ್ಸ್‌ಲಿಡೇಲಿನ ಐಸ್‌ಗಾರ್ತ್ ಎಂಬ ಹಳ್ಳಿಯಲ್ಲಿ ವೈದ್ಯವೃತ್ತಿ ನಡೆಸಿದವರು. ಸುತ್ತಲಿನ ಹಳ್ಳಿಗಳಲ್ಲಿ ಅವರಿಗೆ ಹೆಸರು ಗೊತ್ತಿಲ್ಲದ ಗಂಡಸು, ಹೆಂಗಸು, ಮಗು ಇರಲಿಲ್ಲವೆನ್ನಬಹುದು. ಊರ ನಾಯಿಗಳ ಪರಿಚಯವೂ, ಕೆಲವು ಬೆಕ್ಕುಗಳ ಪರಿಚಯವೂ ತಮಗೂ ತಮ್ಮ ಹೆಂಡತಿಗೂ ಉಂಟೆಂದು ಬರೆದುಕೊಂಡಿದ್ದಾರೆ. ೧೯೨೬ರಲ್ಲಿ ಜೇಮ್ಸ್ ಮೆಕೆಂಜಿಯವರ ಪುಸ್ತಕವನ್ನು ಓದಿದ್ದು ಅವರ ಬದುಕಿನ ತಿರುವು. ಮೆಕೆಂಜಿಯೂ ಬರ್ನ್‌ಲಿ ಎಂಬ ಹತ್ತಿಗಿರಣಿಯ ಊರಿನಲ್ಲಿ ಸಾಮಾನ್ಯ ವೈದ್ಯರಾಗಿದ್ದುಕೊಂಡೇ ಹೃದಯದ ಬಡಿತದ ಗುಟ್ಟುಗಳನ್ನು ಹುಡುಕಿದವರು. ಪಿಕಲ್ಸ್ ಅಂದಿನಿಂದ ತಮ್ಮ ಕಣಿವೆಯ ಸೋಂಕುಗಳನ್ನೆಲ್ಲ ದಿನದಿನವೂ ಚೌಕುಳಿ ಕಾಗದದ ಮೇಲೆ ಗುರುತು ಹಾಕತೊಡಗಿದರು. ಮಗಳು ಕೂಡ ಆ ಕೆಲಸದಲ್ಲಿ ನೆರವಾದಳು.

೧೯೨೯ರಲ್ಲಿ ಕಣಿವೆಗೆ ಕಾಮಾಲೆಯ ಪಿಡುಗು ಬಂತು. ೫,೭೦೦ ಜನರಲ್ಲಿ ೨೫೦ ಮಂದಿಗೆ ತಗುಲಿತು. ಒಂದು ದಿನ ಬೆಳಗ್ಗೆ ಪಿಕಲ್ಸ್ ಒಬ್ಬ ಹುಡುಗಿಯನ್ನು ಹಾಸಿಗೆಯಲ್ಲಿ ಕಂಡು ಬಂದಿದ್ದರು. ಮಧ್ಯಾಹ್ನ ಊರಿನ ಜಾತ್ರೆಯಲ್ಲಿ ಅವಳು ಓಡಾಡುತ್ತಿದ್ದಳು! ನಮ್ಮ ಹುಡುಗಿಯರೇನು ಬೇರೆಯೆ, ಜಾತ್ರೆಯೆಂದರೆ ಯಾವ ಜ್ವರ ತಾನೆ ನಿಲ್ಲುತ್ತದೆ? ಆ ಒಬ್ಬಳಿಂದ ಹದಿಮೂರು ಮಂದಿಗೆ ರೋಗ ಹಬ್ಬಿದ್ದನ್ನು ಅವರು ಒಂದೊಂದಾಗಿ ಪತ್ತೆ ಮಾಡಿದರು. ಸಂಪರ್ಕವಾದ ದಿನಕ್ಕೂ ಕಾಯಿಲೆ ಕಾಣಿಸಿದ ದಿನಕ್ಕೂ ನಡುವೆ ೨೬ರಿಂದ ೩೫ ದಿನಗಳ ಅಂತರವಿದೆಯೆಂಬುದು ಹೀಗೆ ತಿಳಿಯಿತು. ನಗರದ ಯಾವ ಮಹಾಪಂಡಿತನಿಗೂ ಇದು ಸಾಧ್ಯವಿರಲಿಲ್ಲ. ನಗರದಲ್ಲಿ ಯಾರು ಯಾರನ್ನು ಎಲ್ಲಿ ಕಂಡರೆಂದು ಹೇಳುವವರಾರು? ೧೯೩೯ರಲ್ಲಿ ಅವರ ಪುಸ್ತಕ ಹೊರಬಂತು. ಮುಂದೆ ಬ್ರಿಟನ್ನಿನ ಸಾಮಾನ್ಯ ವೈದ್ಯರು ತಮ್ಮದೇ ಒಂದು ಕಾಲೇಜನ್ನು ಕಟ್ಟಿಕೊಂಡಾಗ ಮೊದಲ ಅಧ್ಯಕ್ಷರಾಗಿ ಆರಿಸಿದ್ದು ಪಿಕಲ್ಸರನ್ನು. ಆ ಕಾಲೇಜು ೧೯೫೭ರಿಂದ ಊರೂರಿನ ವೈದ್ಯರಿಂದ ಜ್ವರಗಳ ಲೆಕ್ಕ ತರಿಸಿಕೊಳ್ಳುತ್ತ ಬಂದಿದೆ. ೨೦೨೦ರಲ್ಲಿ ಕೊರೊನಾವನ್ನು ಹಿಂಬಾಲಿಸುವುದಕ್ಕೂ ಅದೇ ಜಾಲ ಒದಗಿತು.

ಪಿಕಲ್ಸರ ಕಣಿವೆಯನ್ನು ನೋಡಿ ಸಂತೋಷಪಡುತ್ತಿರುವಾಗಲೇ ಇನ್ನೊಂದು ಊರು ನೆನಪಾಗುತ್ತದೆ. ಅದು ಸೋಂಕಿನ ಪಿಡುಗಿನ ಕಾಲದ ಕಥೆಯಲ್ಲ. ಆದರೂ ರೋಗಿಯ ವಿಶ್ವಾಸವನ್ನು ಸಂಶೋಧನೆಯ ಕೈಗೆ ಕೊಡುವ ಮಾತು ಬಂದಾಗ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಅಮೆರಿಕದ ಅಲಬಾಮದ ಟಸ್ಕೀಗಿಯಲ್ಲಿ ೧೯೩೨ರಲ್ಲಿ ಸರ್ಕಾರದ ಆರೋಗ್ಯ ಸೇವೆಯವರು ಸುಮಾರು ೬೦೦ ಮಂದಿ ಕಪ್ಪು ಜನಾಂಗದ ಬಡ ರೈತಾಪಿಗಳನ್ನು ಕೂಡಿಸಿದರು. ಅವರಲ್ಲಿ ೩೯೯ ಮಂದಿಗೆ ಸಿಫಿಲಿಸ್ ಇತ್ತು. ‘ನಿಮ್ಮ ರಕ್ತ ಕೆಟ್ಟಿದೆ’ ಎಂದಷ್ಟೆ ಅವರಿಗೆ ಹೇಳಿದ್ದು. ಚಿಕಿತ್ಸೆ ಕೊಡುತ್ತಿದ್ದೇವೆಂದು ನಂಬಿಸಿ, ಕೊಡದೆ, ರೋಗ ತಾನಾಗಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಾಲ್ವತ್ತು ವರ್ಷ ನೋಡುತ್ತ ಕುಳಿತರು. ೧೯೪೦ರ ದಶಕದಲ್ಲಿ ಪೆನಿಸಿಲಿನ್ ಬಂದು ಆ ರೋಗಕ್ಕೆ ಖಚಿತವಾದ ಮದ್ದಾಯಿತು. ಅದನ್ನೂ ಇವರಿಗೆ ಕೊಡಲಿಲ್ಲ. ಊರಿನ ವೈದ್ಯರಿಗೆ ಹೆಸರುಗಳ ಪಟ್ಟಿ ಕೊಟ್ಟು, ಇವರಿಗೆ ಚಿಕಿತ್ಸೆ ಮಾಡಬೇಡಿ ಎಂದು ಹೇಳಿದ್ದರು. ೧೯೭೨ರಲ್ಲಿ ವೃತ್ತಪತ್ರಿಕೆಗಳಲ್ಲಿ ಬಯಲಾದ ಮೇಲೆ ಅದು ನಿಂತಿತು; ರಾಷ್ಟ್ರಾಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳುವ ಹೊತ್ತಿಗೆ ೧೯೯೭ ಆಗಿತ್ತು.

ಈ ಕಥೆಯಲ್ಲಿ ನನ್ನನ್ನು ಕಲಕುವುದು ದೂರದ ಅಧಿಕಾರಿಗಳ ಕ್ರೌರ್ಯವಲ್ಲ. ಅಧಿಕಾರಿಗಳು ಬದಲಾಗುತ್ತ ಹೋದರು. ಬದಲಾಗದೆ ಇದ್ದವಳು ಯೂನಿಸ್ ರಿವರ್ಸ್ ಎಂಬ ನರ್ಸು. ಆಕೆಯೂ ಕಪ್ಪು ಜನಾಂಗದವಳೇ, ಆ ಸೀಮೆಯನ್ನು ಬಲ್ಲವಳು. ಆ ಜನರನ್ನು ತನ್ನ ಕಾರಿನಲ್ಲಿ ಪರೀಕ್ಷೆಗೆ ಕರೆದೊಯ್ದಳು, ಮನೆಮಂದಿಯ ಕ್ಷೇಮ ವಿಚಾರಿಸಿದಳು, ಸತ್ತಾಗ ಮಣ್ಣಿಗೂ ಹೋದಳು. ಜನ ನಾಲ್ವತ್ತು ವರ್ಷ ಬಿಟ್ಟುಹೋಗದೆ ಉಳಿದದ್ದು ಬಹುಮಟ್ಟಿಗೆ ಆಕೆಯ ಮೇಲಿನ ವಿಶ್ವಾಸದಿಂದ. ಆಕೆ ದುಷ್ಟಳೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಪಿಕಲ್ಸರ ಕೈಯಲ್ಲಿ ಬೆಳಕಾಗಿದ್ದ ಅದೇ ಪರಿಚಯ, ಅದೇ ಅಕ್ಕರೆ, ಇಲ್ಲಿ ಬಲೆಯ ದಾರವಾಯಿತು. ನಮ್ಮ ಊರಿನ ಡಾಕ್ಟರು ಕೇಳಿದರೆ ನಾವು ಇಲ್ಲವೆನ್ನುವುದಿಲ್ಲ; ಅವರನ್ನು ಬಿಟ್ಟರೆ ಕೇಳಲು ಯೋಗ್ಯರಾದವರು ಇನ್ನಾರೂ ಇಲ್ಲ; ಅವರಷ್ಟು ಅಪಾಯಕಾರಿಯಾಗಬಲ್ಲವರೂ ಇನ್ನಾರಿಲ್ಲ.

ಹಾಗಾದರೆ ಎರಡು ಊರುಗಳ ನಡುವಣ ಗೆರೆ ಎಲ್ಲಿದೆ? ಸಹಿ ಮಾಡಿಸಿಕೊಂಡ ಕಾಗದದಲ್ಲಿದೆ ಎನ್ನುವವರಿದ್ದಾರೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಬ್ಯಾಂಕಿನಲ್ಲಿ ಸಾಲ ಪಡೆಯುವಾಗ ನಾವೆಲ್ಲ ಎಷ್ಟು ಕಡೆ ಸಹಿ ಮಾಡುತ್ತೇವೆ, ಎಷ್ಟನ್ನು ಓದುತ್ತೇವೆ? ಪಿಕಲ್ಸ್ ಯಾರಿಂದಲೂ ಸಹಿ ಹಾಕಿಸಿಕೊಂಡಂತೆ ಕಾಣುವುದಿಲ್ಲ. ಅವರು ನೋಡಿದರೇ ಹೊರತು ಯಾರಿಂದಲೂ ಮದ್ದನ್ನು ತಡೆಹಿಡಿಯಲಿಲ್ಲ. ಗೆರೆ ಇರುವುದು ಅಜ್ಞಾನದ ಪ್ರಾಮಾಣಿಕತೆಯಲ್ಲಿ ಎಂದು ನನ್ನ ಭಾವನೆ. ‘ಪ್ರಿನ್ಸಿಪಲ್’ನ ವೈದ್ಯರು ಗೊತ್ತಿಲ್ಲವೆಂದಾಗ ನಿಜವಾಗಿಯೂ ಗೊತ್ತಿರಲಿಲ್ಲ; ಗೊತ್ತಾದ ಕೂಡಲೆ ಆ ಔಷಧಿಯ ಪರೀಕ್ಷೆಯನ್ನು ನಿಲ್ಲಿಸಿ ಬಹಿರಂಗವಾಗಿ ಹೇಳಿದರು. ಟಸ್ಕೀಗಿಯಲ್ಲಿ ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸಿದರು. ಇನ್ನೊಂದು ಮಾತೂ ಇದೆ. ರೋಗಿ ‘ಒಲ್ಲೆ’ ಎಂದರೆ ನಾಳೆಯೂ ಆ ವೈದ್ಯ ಅವನಿಗೆ ನಿನ್ನೆಯ ವೈದ್ಯನೇ ಆಗಿರಬೇಕು. ಇದನ್ನು ಕಾಗದದ ಮೇಲೆ ಬರೆಯುವುದು ಸುಲಭ. ಒಂದೇ ಡಾಕ್ಟರಿರುವ ಊರಿನಲ್ಲಿ ನಡೆಸುವುದು ಸುಲಭವಲ್ಲ.

ಯಾರನ್ನು ಕೇಳಬೇಕು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಸೌತ್ ವೇಲ್ಸಿನ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರಿದ್ದರು. ಎಲ್ಲಿ ಒಳ್ಳೆಯ ವೈದ್ಯದ ಅಗತ್ಯ ಹೆಚ್ಚೋ ಅಲ್ಲಿ ಅದು ಸಿಗುವುದು ಕಡಿಮೆ ಎಂಬ ತಲೆಕೆಳಗಾದ ನಿಯಮವನ್ನು ೧೯೭೧ರಲ್ಲಿ ಬರೆದು ಹೆಸರಾದವರು. ಬರೆದು ಸುಮ್ಮನಾಗಲಿಲ್ಲ; ಹಳ್ಳಿಯ ವಯಸ್ಕರೆಲ್ಲರ ರಕ್ತದ ಒತ್ತಡವನ್ನು ಅಳೆದು, ವರ್ಷಗಟ್ಟಲೆ ಹಿಂಬಾಲಿಸಿ, ಚಿಕಿತ್ಸೆ ಮಾಡಿದರು. ಅಲ್ಲಿ ಸಂಶೋಧನೆಯ ಫಲ ಉಂಡವರು ಅದಕ್ಕೆ ತೋಳು ಕೊಟ್ಟ ಗಣಿಗಾರರೇ. ಅವರ ನಿಯಮ ಸಂಶೋಧನೆಗೂ ಅನ್ವಯಿಸುತ್ತದೆಂದು ನನ್ನ ಅನುಮಾನ. ಕೊರೊನಾದಿಂದ ಬ್ರಿಟನ್ನಿನಲ್ಲಿ ಹೆಚ್ಚು ಪೆಟ್ಟು ತಿಂದವರು ಬಡ ಬಡಾವಣೆಗಳವರು, ದಕ್ಷಿಣ ಏಷ್ಯಾದಿಂದಲೂ ಆಫ್ರಿಕಾದಿಂದಲೂ ಹೋಗಿ ನೆಲೆಸಿದ ಮನೆತನಗಳವರು. ಪರೀಕ್ಷೆಗಳಿಗೆ ಸುಲಭವಾಗಿ ಬಂದು ಸೇರುವವರು ಇವರಲ್ಲ. ‘ಪ್ರಿನ್ಸಿಪಲ್’ನಲ್ಲಿ ಇದನ್ನು ಸರಿಪಡಿಸುವ ಹೊಣೆ ಹೊತ್ತವರು ಮಹೇಂದ್ರ ಪಟೇಲ್ ಎಂಬ ಔಷಧಶಾಸ್ತ್ರಜ್ಞರು, ದೇವಸ್ಥಾನ, ಮಸೀದಿ, ಬಡಾವಣೆಯ ಔಷಧಿ ಅಂಗಡಿಗಳ ಮೂಲಕ ಜನರನ್ನು ಮುಟ್ಟಲು ಯತ್ನಿಸಿದರು. ಇದನ್ನು ಓದಿ ಮೆಚ್ಚಿದೆ. ಜೊತೆಗೆ ಟಸ್ಕೀಗಿಯ ನರ್ಸಿನ ಕಾರೂ ಕಣ್ಣ ಮುಂದೆ ಬಂತು. ಸಂಶಯಕ್ಕೆ ಅವಕಾಶ ಕೊಟ್ಟರೆಂದಲ್ಲ. ನಂಬಿಕೆಯ ಬಾಗಿಲಿಂದ ಒಳಗೆ ಹೋಗುವವರನ್ನೆಲ್ಲ ಇನ್ನು ಮುಂದೆ ಆ ನೆನಪು ಹಿಂಬಾಲಿಸುತ್ತದೆ, ಅಷ್ಟೆ.

ಕೊನೆಗೆ ಕಾಗದಪತ್ರಗಳ ಮಾತು. ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬರೂ ಒಂದು ದವಾಖಾನೆಯಲ್ಲಿ ಹೆಸರು ಬರೆಸಿರುತ್ತಾರೆ. ಹುಟ್ಟಿನಿಂದ ಇವರ ಕಾಯಿಲೆಗಳೆಲ್ಲ ಅಲ್ಲಿ ದಾಖಲು. ೨೦೨೦ರಲ್ಲಿ ‘ಓಪನ್‌ಸೇಫ್ಲಿ’ ಎಂಬ ಏರ್ಪಾಟಿನ ಮೂಲಕ ೧ ಕೋಟಿ ೭೦ ಲಕ್ಷ ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ, ಕೊರೊನಾದಿಂದ ಸಾಯುವ ಭಯ ಯಾರಿಗೆ ಹೆಚ್ಚೆಂದು ಕಂಡುಹಿಡಿದರು. ಒಬ್ಬೊಬ್ಬರನ್ನೂ ಕೇಳಿ ಮಾಡಿದ ಕೆಲಸವಲ್ಲ ಅದು. ಆದರೆ ದಾಖಲೆಗಳು ಇದ್ದಲ್ಲಿಂದ ಕದಲಲಿಲ್ಲ. ಪಂಡಿತರು ಪ್ರಶ್ನೆಯನ್ನು ಒಳಗೆ ಕಳಿಸಿ ಉತ್ತರವನ್ನಷ್ಟೆ ಹೊರಗೆ ತಂದರು. ದೊಡ್ಡ ಗದ್ದಲವೇನೂ ಆಗಲಿಲ್ಲ.

ಮರುವರ್ಷ ಇಂಗ್ಲೆಂಡಿನ ಸರ್ಕಾರ ದವಾಖಾನೆಗಳ ದಾಖಲೆಗಳನ್ನೆಲ್ಲ ಒಂದೆಡೆಗೆ ಸಾಗಿಸಿಟ್ಟುಕೊಳ್ಳಲು ಹೊರಟಿತು. ೨೦೨೧ರ ಜುಲೈ ೧ ಎಂದು ದಿನವನ್ನೂ ಗೊತ್ತುಮಾಡಿತ್ತು. ಬಹು ಜನಕ್ಕೆ ಸುದ್ದಿ ತಿಳಿದದ್ದು ಪತ್ರಿಕೆಗಳಿಂದ. ಹತ್ತು ಲಕ್ಷಕ್ಕೂ ಮೀರಿದ ಜನ ತಮ್ಮ ಕಾಗದ ಕೊಡಕೂಡದೆಂದು ಬರೆದುಕೊಟ್ಟರು. ಜುಲೈ ಸೆಪ್ಟೆಂಬರಾಯಿತು, ಆಮೇಲೆ ದಿನಾಂಕವೇ ಇಲ್ಲದಾಯಿತು. ಮೊದಲು ತಡೆದವರಲ್ಲಿ ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಎಂಬ ಬಡ ಬಡಾವಣೆಯ ವೈದ್ಯರಿದ್ದರು. ಬಂಗಾಳಿ ಮಾತಾಡುವ ಕುಟುಂಬಗಳು ತುಂಬಿರುವ ಜಾಗ. ಕೊರೊನಾ ಯಾವ ಜನಾಂಗದವರನ್ನು ಹೆಚ್ಚು ಕಾಡಿತೆಂದು ತಿಳಿಯುವುದಕ್ಕೆ ೨೦೨೦ರಲ್ಲಿ ತಮ್ಮ ದಾಖಲೆಗಳನ್ನು ಅಲ್ಲಿಯ ವಿಶ್ವವಿದ್ಯಾನಿಲಯದವರಿಗೆ ತೆರೆದುಕೊಟ್ಟ ಸೀಮೆಯ ವೈದ್ಯರು ಇವರು. ಸಂಶೋಧನೆಯ ವೈರಿಗಳೆಂದು ಯಾರೂ ಹೇಳುವಂತಿಲ್ಲ. ಅಲ್ಲಿಯ ೩೬ ದವಾಖಾನೆಗಳೂ ಒಟ್ಟಾಗಿ, ನಮ್ಮ ರೋಗಿಗಳಿಗೆ ತಿಳಿಸಿ ಹೇಳುವವರೆಗೆ ಒಂದು ಕಾಗದವನ್ನೂ ಕೊಡುವುದಿಲ್ಲ ಎಂದು ನಿಂತವು.